ಮೂರ್ಛೆರೋಗಕ್ಕೆ ಕೀಹೋಲ್ ಆಪರೇಷನ್: ರಂಧ್ರದ ಅಳತೆ ಕೊನೆಯ ಪ್ರಶ್ನೆ

ಮೂರು ಮಿಲಿಮೀಟರಿನ ರಂಧ್ರ, ಒಂದೇ ಹೊಲಿಗೆ, ಎರಡು ದಿನಕ್ಕೆ ಮನೆಗೆ. ಮೂರ್ಛೆರೋಗಕ್ಕೆ ಲೇಸರ್ ಚಿಕಿತ್ಸೆ ಎಂದಾಗ ಸುದ್ದಿಯಲ್ಲಿ ಬರುವುದು ಇಷ್ಟೇ. ಹಾಗಾಗಿ ಫಿಟ್ಸ್ ಇರುವವರ ಮನೆಯವರು ನರರೋಗ ತಜ್ಞರ ಮುಂದೆ ಕೂತ ಕೂಡಲೇ ಕೇಳುವುದೂ ಅದನ್ನೇ: ‘ತಲೆ ಓಪನ್ ಮಾಡ್ತೀರಾ ಅಥವಾ ಲೇಸರಲ್ಲೇ ಆಗುತ್ತಾ ಡಾಕ್ಟ್ರೇ?’ ಭಯ ಸಹಜ. ಆದರೆ ಈ ಪ್ರಶ್ನೆಗೆ ಉತ್ತರ ಸಿಗಬೇಕಾದರೆ ಅದಕ್ಕೂ ಮೊದಲಿನ ಮೂರು ಪ್ರಶ್ನೆಗಳು ಇತ್ಯರ್ಥವಾಗಿರಬೇಕು. ಔಷಧಿ ನಿಜಕ್ಕೂ ಸೋತಿದೆಯೇ? ಫಿಟ್ಸ್ ಮೆದುಳಿನ ಯಾವ ಜಾಗದಿಂದ ಏಳುತ್ತಿದೆ? ಆ ಜಾಗ ಹೋದರೆ ಮಾತು, ನೆನಪು, ಕೈಕಾಲಿನ ಶಕ್ತಿಗೆ ಏನಾಗುತ್ತದೆ? ಇವುಗಳ ಉತ್ತರ ತಪ್ಪಾಗಿದ್ದರೆ ರಂಧ್ರ ಎಷ್ಟೇ ಚಿಕ್ಕದಾಗಿದ್ದರೂ ಪ್ರಯೋಜನವಿಲ್ಲ.

ಎರಡು ಔಷಧಿ, ಎರಡು ದಶಕವಲ್ಲ

ಸರಿಯಾಗಿ ಆಯ್ದ ಎರಡು ಔಷಧಿಗಳನ್ನು ಸರಿಯಾದ ಪ್ರಮಾಣದಲ್ಲಿ, ಸಾಕಷ್ಟು ಕಾಲ ಕೊಟ್ಟರೂ ಫಿಟ್ಸ್ ನಿಲ್ಲದಿದ್ದರೆ ಅದು ಔಷಧಿಗೆ ಬಗ್ಗದ ಮೂರ್ಛೆರೋಗ. ಅಂತರರಾಷ್ಟ್ರೀಯ ಮೂರ್ಛೆರೋಗ ಸಂಘಟನೆ 2010ರಲ್ಲಿ ಒಪ್ಪಿದ ವ್ಯಾಖ್ಯೆ ಇದು. ಎರಡೇ ಏಕೆ ಎಂಬುದಕ್ಕೆ ಗ್ಲಾಸ್ಗೋದಲ್ಲಿ ನಡೆದು 2000ನೇ ಇಸವಿಯಲ್ಲಿ ಪ್ರಕಟವಾದ ಅಧ್ಯಯನ ಉತ್ತರ ಕೊಡುತ್ತದೆ. ಅಲ್ಲಿ ಮೊದಲ ಔಷಧಿಯಲ್ಲೇ ಶೇ 47 ಮಂದಿಗೆ ಫಿಟ್ಸ್ ನಿಂತಿತು, ಎರಡನೆಯದರಲ್ಲಿ ಇನ್ನು ಶೇ 13 ಮಂದಿಗೆ. ಮೂರನೆಯದು ಅಥವಾ ಜೋಡಿ ಔಷಧಿಯಿಂದ ನಿಂತದ್ದು ಶೇ 4 ಮಂದಿಗೆ ಮಾತ್ರ. ಎರಡು ಸೋತ ಮೇಲೆ ಮೂರನೆಯದು, ನಾಲ್ಕನೆಯದು ಎಂದು ಬದಲಿಸುತ್ತಾ ಹೋಗುವುದರಿಂದ ಕೆಲವರಿಗೆ ಫಿಟ್ಸ್ ಕಡಿಮೆಯಾಗಬಹುದು, ಪೂರ್ತಿ ನಿಲ್ಲುವುದು ಅಪರೂಪ. ಔಷಧಿ ಬದಲಿಸುತ್ತಿರಲಿ, ಜೊತೆಗೇ ಶಸ್ತ್ರಚಿಕಿತ್ಸೆಯ ತಪಾಸಣೆಗೂ ಕಳಿಸಬೇಕು. 70 ವರ್ಷದವರೆಗಿನ ಎಲ್ಲರನ್ನೂ, ಔಷಧಿ ಸೋತದ್ದು ಖಚಿತವಾದ ಕೂಡಲೇ ಕಳಿಸಿ ಎಂದು ಅದೇ ಸಂಘಟನೆಯ ತಜ್ಞರು 2022ರಲ್ಲಿ ಹೇಳಿದ್ದಾರೆ. ವಾಸ್ತವದಲ್ಲಿ ಮುಂದುವರಿದ ದೇಶಗಳಲ್ಲೂ ರೋಗಿಗಳು ಶಸ್ತ್ರಚಿಕಿತ್ಸೆಯ ಬಾಗಿಲಿಗೆ ಬರುವಷ್ಟರಲ್ಲಿ ಹತ್ತಿಪ್ಪತ್ತು ವರ್ಷ ಕಳೆದಿರುತ್ತದೆ. ಅಷ್ಟರೊಳಗೆ ಓದು ನಿಂತಿರುತ್ತದೆ, ಕೆಲಸ ಹೋಗಿರುತ್ತದೆ, ನೆನಪಿನ ಶಕ್ತಿ ಕುಂದಿರುತ್ತದೆ.

ಕಾಯುವುದಕ್ಕೆ ಇನ್ನೂ ದೊಡ್ಡ ಬೆಲೆಯಿದೆ. ಮೂರ್ಛೆರೋಗ ಇರುವ ವಯಸ್ಕರಲ್ಲಿ ವರ್ಷಕ್ಕೆ ಸಾವಿರಕ್ಕೆ ಒಬ್ಬರಂತೆ ಹಠಾತ್ತನೆ, ಬೇರಾವ ಕಾರಣವೂ ಸಿಗದಂತೆ ಸಾಯುತ್ತಾರೆ, ಹೆಚ್ಚಾಗಿ ರಾತ್ರಿ ಮಲಗಿದ್ದಾಗ. ಔಷಧಿಗೆ ಬಗ್ಗದವರಲ್ಲಿ, ಅದರಲ್ಲೂ ಮೈಯೆಲ್ಲ ಸೆಟೆದು ಅದುರುವ ಫಿಟ್ಸ್ ಪದೇ ಪದೇ ಬರುವವರಲ್ಲಿ, ಈ ಅಪಾಯ ಹಲವು ಪಟ್ಟು ಹೆಚ್ಚು. ‘ಮೆದುಳಿನ ಆಪರೇಷನ್ ರಿಸ್ಕ್ ಅಲ್ಲವೇ’ ಎಂದು ಕೇಳುವವರು ಆಪರೇಷನ್ ಮಾಡಿಸದೆ ಇರುವುದರ ರಿಸ್ಕನ್ನೂ ಪಕ್ಕದಲ್ಲಿಟ್ಟು ತೂಗಬೇಕು.

ಹಾಗೆಂದು ಔಷಧಿ ಸೋತಂತೆ ಕಂಡದ್ದೆಲ್ಲ ಸೋಲಲ್ಲ. ವಾರಕ್ಕೆರಡು ಡೋಸ್ ತಪ್ಪಿಸುವವರಿದ್ದಾರೆ. ರಾತ್ರಿ ಪಾಳಿಯಲ್ಲಿ ನಿದ್ದೆಗೆಡುವವರಿದ್ದಾರೆ. ಹದಿಹರೆಯದಲ್ಲಿ ಶುರುವಾಗುವ, ಕೈಕಾಲು ಥಟ್ಟನೆ ಬೆಚ್ಚಿದಂತೆ ಅದುರುವ ಮಯೋಕ್ಲೋನಿಕ್ ಬಗೆಯ ಮೂರ್ಛೆಗೆ ಕಾರ್ಬಮಜೆಪಿನ್ ಕೊಟ್ಟರೆ ಅದು ಇನ್ನಷ್ಟು ಕೆಣಕುತ್ತದೆ. ದೊಡ್ಡ ಕೇಂದ್ರಗಳಿಗೆ ಬರುವವರಲ್ಲಿ ಗಣನೀಯ ಪಾಲಿನವರ ಫಿಟ್ಸ್ ಮೆದುಳಿನ ವಿದ್ಯುತ್ ಏರುಪೇರೇ ಅಲ್ಲ, ಮನೋಮೂಲದ್ದು. ಅದು ಹೊರಗಿನಿಂದ ಥೇಟ್ ಹಾಗೆಯೇ ಕಾಣುತ್ತದೆ. ಇನ್ನು ಮೈಸೂರು, ಮಂಡ್ಯ ಭಾಗದಲ್ಲಿ ಹೆಚ್ಚಾಗಿ ಕಾಣುವ, ತಲೆಗೆ ಬಿಸಿನೀರು ಹುಯ್ದುಕೊಂಡಾಗ ಬರುವ ಮೂರ್ಛೆ ಇದೆ. ನೀರಿನ ಬಿಸಿ ತಗ್ಗಿಸಿದರೆ, ತಲೆಸ್ನಾನಕ್ಕೆ ಒಂದೂವರೆ–ಎರಡು ಗಂಟೆ ಮೊದಲು ವೈದ್ಯರು ಹೇಳಿದಂತೆ ಕ್ಲೊಬಜಾಮ್ ತೆಗೆದುಕೊಂಡರೆ ಹೆಚ್ಚಿನವರಿಗೆ ಅದು ಹತೋಟಿಗೆ ಬರುತ್ತದೆ. ಅಂಥವರು ಶಸ್ತ್ರಚಿಕಿತ್ಸೆಯ ಸಾಲಿನಲ್ಲಿ ನಿಲ್ಲಬೇಕಾಗಿಲ್ಲ.

ಜಾಗ ಹುಡುಕುವ ಕೆಲಸ

ಎಂಆರ್‌ಐ ನಾರ್ಮಲ್ ಎಂದು ವರದಿ ಬಂದಿದೆ ಎಂದು ಕೈಚೆಲ್ಲುವವರು ಬಹಳ. ತಲೆನೋವಿಗೆ ತೆಗೆಯುವ ಸಾಮಾನ್ಯ ಎಂಆರ್‌ಐ ಇಲ್ಲಿ ಸಾಲದು. 3 ಟೆಸ್ಲಾ ಯಂತ್ರದಲ್ಲಿ ಮೂರ್ಛೆರೋಗದ ಪ್ರೋಟೊಕಾಲ್‌ನಂತೆಯೇ ತೆಗೆಯಬೇಕು: ಒಂದು ಮಿ.ಮೀ. ದಪ್ಪದ, ಮಧ್ಯೆ ಬಿಡುವಿಲ್ಲದ 3ಡಿ ಟಿ1 ಮತ್ತು ಫ್ಲೇರ್ ಎಂಬ ಬಗೆಯ ಪದರಗಳು, ಜೊತೆಗೆ, ನೆನಪಿನ ಕೆಲಸ ಮಾಡುವ ಹಿಪ್ಪೊಕ್ಯಾಂಪಸ್‌ನ ಉದ್ದಕ್ಕೆ ಲಂಬವಾಗಿ ಕತ್ತರಿಸಿದ ಟಿ2 ಪದರಗಳು. ಐದು ಮಿ.ಮೀ. ದಪ್ಪದ ಪದರಗಳಲ್ಲಿ ಸುಕ್ಕಿನ ತಳದಲ್ಲಿ ಅಡಗಿದ, ಹುಟ್ಟಿನಿಂದಲೇ ಹೊರಪದರ ಸರಿಯಾಗಿ ರೂಪುಗೊಳ್ಳದ ಪುಟ್ಟ ಜಾಗ, ಅಂದರೆ ಕಾರ್ಟಿಕಲ್ ಡಿಸ್‌ಪ್ಲೇಸಿಯಾ ತಪ್ಪಿಹೋಗುತ್ತದೆ. ತೆಗೆದ ಮೇಲೂ ಇಂಥ ಚಿತ್ರಗಳನ್ನು ದಿನಾ ನೋಡುವ ರೇಡಿಯಾಲಜಿಸ್ಟ್ ಕಣ್ಣಿಗೆ ಅವು ಬೀಳಬೇಕು. ಆದ್ದರಿಂದ ಬರೀ ಫಿಲ್ಮ್ ಶೀಟು, ವರದಿ ಒಯ್ದರೆ ಉಪಯೋಗ ಕಡಿಮೆ, ಸಿ.ಡಿ. ಅಥವಾ ಪೆನ್‌ಡ್ರೈವ್‌ನಲ್ಲಿ ಮೂಲ ಡೈಕಾಮ್ ಫೈಲುಗಳನ್ನೇ ಕೇಳಿ ಪಡೆಯಿರಿ.

ನಮ್ಮ ದೇಶಕ್ಕೆ ವಿಶೇಷವಾದ ತೊಡಕೊಂದಿದೆ. ಹಂದಿ ಲಾಡಿಹುಳದ ಮರಿ ಮೆದುಳಿನಲ್ಲಿ ಕೂತು, ಸತ್ತು, ಸುಣ್ಣಗಟ್ಟಿದ ಚುಕ್ಕೆ ಸಿ.ಟಿ. ಸ್ಕ್ಯಾನಿನಲ್ಲಿ ಎದ್ದು ಕಾಣುತ್ತದೆ. ‘ಮೆದುಳಲ್ಲಿ ಹುಳ’ ಎಂದು ಹೆಸರಿಟ್ಟ ಮೇಲೆ ಬೇರೆ ಕಾರಣ ಹುಡುಕುವುದೇ ನಿಂತುಹೋಗುತ್ತದೆ. ಅದೇ ರೋಗಿಯ ಟೆಂಪೊರಲ್ ಹಾಲೆಯಲ್ಲಿ (ಕಿವಿಯ ಪಕ್ಕದ ಮೆದುಳಿನ ಭಾಗ) ಹಿಪ್ಪೊಕ್ಯಾಂಪಸ್ ಸವೆದು ಗಟ್ಟಿಯಾಗಿರಬಹುದು, ಫಿಟ್ಸ್ ಅಲ್ಲಿಂದಲೇ ಏಳುತ್ತಿರಬಹುದು. ಎರಡೂ ಇದ್ದಾಗ ಯಾವುದು ತಪ್ಪಿತಸ್ಥ ಎಂದು ಚಿತ್ರ ನೋಡಿ ಹೇಳಲಾಗದು. ಅದಕ್ಕೆ ವಿಡಿಯೊ ಇಇಜಿ, ಅಂದರೆ ಕ್ಯಾಮೆರಾದ ಜೊತೆ ಮೆದುಳಿನ ವಿದ್ಯುತ್ ಅಲೆಗಳ ದಾಖಲೆಯೇ ಬೇಕು.

ಇಡೀ ತಪಾಸಣೆಯ ಬೆನ್ನೆಲುಬು ಈ ವಿಡಿಯೊ ಇಇಜಿ, ಮತ್ತು ಮನೆಯವರ ಕೈಯಲ್ಲಿ ಅತಿ ಹೆಚ್ಚು ಇರುವುದೂ ಇದೇ ಹಂತ. ಮೂರರಿಂದ ಏಳು ದಿನ ವಾರ್ಡಿನಲ್ಲಿ ಕ್ಯಾಮೆರಾದ ಮುಂದೆ ಮಲಗಿಸಿ, ನೆತ್ತಿಗೆ ಅಂಟಿಸಿದ ಎಲೆಕ್ಟ್ರೋಡ್‌ಗಳಿಂದ ದಾಖಲಿಸುತ್ತಾರೆ. ರೋಗಿಗೆ ಸಾಮಾನ್ಯವಾಗಿ ಬರುವಂಥ ಫಿಟ್ಸ್ ಮೂರರಿಂದ ಐದಾದರೂ ಸಿಗಬೇಕು. ಅದಕ್ಕಾಗಿ ಔಷಧಿ ಕಡಿಮೆ ಮಾಡುತ್ತಾರೆ. ಈ ಕೆಲಸ ವಾರ್ಡಿನೊಳಗೆ, ಕೈಗೆ ಸೂಜಿ ಹಾಕಿಟ್ಟುಕೊಂಡು, ನರ್ಸ್‌ಗಳ ಕಣ್ಣಳತೆಯಲ್ಲಿ ಮಾತ್ರ ಆಗಬೇಕು. ಬೆಡ್ ಸಿಕ್ಕಿತೆಂದು ಮನೆಯಲ್ಲೇ ಎರಡು ದಿನ ಮೊದಲು ಮಾತ್ರೆ ನಿಲ್ಲಿಸಿ ಹೊರಟವರಿಗೆ ದಾರಿಯಲ್ಲೇ ಬಿಡದೆ ಫಿಟ್ಸ್ ಬಂದು ಐಸಿಯು ಸೇರುವ ಸ್ಥಿತಿ ಬರಬಹುದು. ಔಷಧಿಯನ್ನು ತೀರಾ ವೇಗವಾಗಿ ಇಳಿಸಿದರೆ ಇನ್ನೊಂದು ತೊಂದರೆ: ಎಂದೂ ಬಾರದ ಬಗೆಯ ಫಿಟ್ಸ್ ಬಂದು ದಿಕ್ಕು ತಪ್ಪಿಸಬಹುದು.

ಸೇರುವ ಹಿಂದಿನ ದಿನ ಶ್ಯಾಂಪೂ ಹಾಕಿ ತಲೆ ತೊಳೆಯಬೇಕು, ಎಣ್ಣೆ ಹಚ್ಚಲೇಬಾರದು. ಎಣ್ಣೆಯ ಪಸೆ ಇದ್ದರೆ ಎಲೆಕ್ಟ್ರೋಡ್ ಜಾರುತ್ತದೆ, ಎರಡನೇ ರಾತ್ರಿಗೆ ಅರ್ಧದಷ್ಟು ಚಾನೆಲ್‌ಗಳಲ್ಲಿ ಗದ್ದಲವೇ ತುಂಬುತ್ತದೆ. ತಲೆ ಮೇಲಿಂದ ಎಳೆಯುವ ಟೀ ಶರ್ಟ್ ಬೇಡ, ಮುಂದೆ ಗುಂಡಿ ಇರುವ ಬಟ್ಟೆ ತನ್ನಿ. ಜೊತೆಗೆ ಇರುವವರು ಆ ಫಿಟ್ಸ್ ಅನ್ನು ಹಿಂದೆ ಕಂಡವರೇ ಆಗಿರಬೇಕು. ಶುರುವಾದ ಕ್ಷಣ ಗುಂಡಿ ಒತ್ತಿ, ಹೊದಿಕೆ ಸರಿಸಿ, ಕ್ಯಾಮೆರಾಕ್ಕೆ ಅಡ್ಡ ನಿಲ್ಲದೆ ಪಕ್ಕಕ್ಕೆ ಸರಿಯಿರಿ. ಹೆಸರು ಕೇಳಿ, ಎರಡೂ ಕೈ ಎತ್ತಲು ಹೇಳಿ, ‘ಮಾವಿನಹಣ್ಣು’ ಅಂತ ಒಂದು ಪದ ಕೊಟ್ಟು ಆಮೇಲೆ ನೆನಪಿದೆಯೇ ನೋಡಿ. ಮುಗಿದ ಮೇಲೆ ಮೊದಲೇ ಬರೆದಿಟ್ಟ ಒಂದು ಕನ್ನಡ ವಾಕ್ಯ ಓದಿಸಬೇಕು. ಸ್ಪಷ್ಟವಾಗಿ ಓದಲು ಒಂದು ನಿಮಿಷಕ್ಕಿಂತ ಹೆಚ್ಚು ಹಿಡಿದರೆ, ಫಿಟ್ಸ್ ಮಾತಿನ ಬದಿಯಿಂದ, ಅಂದರೆ ಹೆಚ್ಚಿನವರಲ್ಲಿ ಎಡದಿಂದ, ಎದ್ದಿರುವ ಸಾಧ್ಯತೆ ಬಲವಾಗುತ್ತದೆ. ಇಂಗ್ಲಿಷ್ ವಾಕ್ಯ ಕೊಟ್ಟು, ಆತ ತಡವರಿಸಿದ್ದು ಫಿಟ್ಸ್‌ನಿಂದಲೋ ಭಾಷೆಯಿಂದಲೋ ಎಂಬ ಗೊಂದಲ ಬೇಡ.

ಇಲ್ಲೇ ಒಂದು ಮಾತು. ಫಿಟ್ಸ್ ಬಂದವರ ಕೈಗೆ ಬೀಗದ ಕೈ ತುರುಕುವ ಅಭ್ಯಾಸ ಇನ್ನೂ ಹೋಗಿಲ್ಲ. ಅದರಿಂದ ಫಿಟ್ಸ್ ನಿಲ್ಲುವುದಿಲ್ಲ ಎಂಬುದಷ್ಟೇ ಅಲ್ಲ, ತಜ್ಞರಿಗೆ ಬೇಕಾದ ಸುಳಿವೂ ಅಳಿಸಿಹೋಗುತ್ತದೆ. ಟೆಂಪೊರಲ್ ಫಿಟ್ಸ್‌ನಲ್ಲಿ ಒಂದು ಕೈ ವಿಚಿತ್ರವಾಗಿ ತಿರುಚಿ ಸೆಟೆದರೆ, ಫಿಟ್ಸ್ ಅದರ ಎದುರು ಬದಿಯ ಮೆದುಳಿನದ್ದು. ಇನ್ನೊಂದು ಕೈ ಬಟ್ಟೆ ಹಿಂಡುತ್ತಾ ತಡಕಾಡುತ್ತಿದ್ದರೆ ಅದೇ ಬದಿಯದ್ದು. ಮುಗಿದ ಕೂಡಲೇ ಮೂಗು ಒರೆಸಿಕೊಳ್ಳುವ ಕೈಯೂ ಸಾಮಾನ್ಯವಾಗಿ ಫಿಟ್ಸ್ ಎದ್ದ ಬದಿಯದ್ದೇ. ಕೈ ಬಿಡಿಸಿ ಏನನ್ನಾದರೂ ಹಿಡಿಸಿದ ಮೇಲೆ ಇದ್ಯಾವುದೂ ಕಾಣುವುದಿಲ್ಲ. ಮನೆಯಲ್ಲಿ ಮೊಬೈಲಿನಲ್ಲಿ ತೆಗೆಯುವ ವಿಡಿಯೊಗೂ ಇದು ಅನ್ವಯ: ಮಗ್ಗುಲಿಗೆ ಹೊರಳಿಸಿ, ಬೆಳಕು ಹಾಕಿ, ಮುಖದ ಜೊತೆ ಎರಡೂ ಕೈ ಬರುವಂತೆ, ಫಿಟ್ಸ್ ಮುಗಿದು ಮಾತು ಮರಳುವ ತನಕ ತೆಗೆಯಿರಿ. ಐದು ನಿಮಿಷವಾದರೂ ನಿಲ್ಲದಿದ್ದರೆ ವಿಡಿಯೊ ಬಿಟ್ಟು ಆಸ್ಪತ್ರೆಗೆ.

ಎಂಆರ್‌ಐ ಮತ್ತು ವಿಡಿಯೊ ಇಇಜಿ ಒಂದೇ ಜಾಗ ತೋರಿಸಿದರೆ ಎಷ್ಟೋ ಜನರಿಗೆ ಅಷ್ಟೇ ಸಾಕು. ಹೊಂದಾಣಿಕೆ ಆಗದಿದ್ದಾಗ, ಮೆದುಳಿನ ಯಾವ ಭಾಗ ಸಕ್ಕರೆಯನ್ನು ಕಡಿಮೆ ಬಳಸುತ್ತಿದೆ ಎಂದು ತೋರಿಸುವ ಪೆಟ್ ಸ್ಕ್ಯಾನ್. ನಾಲ್ಕರಿಂದ ಆರು ಗಂಟೆ ಹಸಿದಿರಬೇಕು, ಹಿಂದಿನ 24 ಗಂಟೆಯಲ್ಲಿ ಫಿಟ್ಸ್ ಬಂದಿದ್ದರೆ ಹೇಳಲೇಬೇಕು, ಇಲ್ಲದಿದ್ದರೆ ಚಿತ್ರ ತಲೆಕೆಳಗಾಗಬಹುದು. ಫಿಟ್ಸ್ ನಡೆಯುತ್ತಿರುವಾಗಲೇ ಚುಚ್ಚುಮದ್ದು ಕೊಟ್ಟು ಮೆದುಳಿನ ರಕ್ತದ ಹರಿವನ್ನು ಚಿತ್ರಿಸುವ ಸ್ಪೆಕ್ಟ್‌ನಲ್ಲಿ ಮೊದಲ 30 ಸೆಕೆಂಡೇ ನಿರ್ಣಾಯಕ. ತಡವಾದರೆ ಕಾಣುವುದು ಎದ್ದ ಜಾಗವಲ್ಲ, ಹರಡಿದ ಜಾಗ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮೆದುಳಿನ ಕಾಂತಕ್ಷೇತ್ರ ಅಳೆಯುವ ಎಂಇಜಿ ಯಂತ್ರವೂ ಇದೆ, ದೇಶದಲ್ಲಿ ಇಂಥವು ಬೆರಳೆಣಿಕೆಯಷ್ಟು.

ಇಷ್ಟಾದರೂ ಅನುಮಾನ ಉಳಿದರೆ ಎಸ್‌ಇಇಜಿ. 0.8 ಮಿ.ಮೀ. ದಪ್ಪದ ತಂತಿಗಳನ್ನು, ಹೆಚ್ಚಾಗಿ ಎಂಟರಿಂದ ಹದಿನೈದನ್ನು, ರೋಬಾಟ್ ಅಥವಾ ಚೌಕಟ್ಟಿನ ನೆರವಿನಿಂದ ಮೆದುಳಿನೊಳಗೆ ಇಳಿಸಿ ಒಂದೆರಡು ವಾರ ದಾಖಲಿಸುತ್ತಾರೆ. ರಕ್ತಸ್ರಾವದ ಅಪಾಯ ನೂರಕ್ಕೆ ಒಂದರ ಆಸುಪಾಸು. ಆದರೆ ಎಲ್ಲಿ ಹುಡುಕಬೇಕೆಂಬ ಊಹೆ ಗಟ್ಟಿಯಿಲ್ಲದೆ ತಂತಿ ಹಾಕಿದರೆ ಏನೂ ದಕ್ಕುವುದಿಲ್ಲ. ತಂತಿಯ ಸುತ್ತಲಿನ ಕೆಲವು ಮಿಲಿಮೀಟರ್ ಆಚೆಗೆ ಅದಕ್ಕೆ ಕಿವಿ ಕೇಳಿಸದು.

ಲೇಸರ್, ಆರ್‌ಎಫ್, ಗಾಮಾ ನೈಫ್, ಚಾಕು

ಲೇಸರ್ ಚಿಕಿತ್ಸೆಯಲ್ಲಿ ಪೂರ್ತಿ ಅರಿವಳಿಕೆ ಕೊಟ್ಟು, ತಲೆಯ ಹಿಂಭಾಗದಲ್ಲಿ ಸುಮಾರು 3.2 ಮಿ.ಮೀ. ರಂಧ್ರ ಕೊರೆದು, 1.65 ಮಿ.ಮೀ. ದಪ್ಪದ ನಳಿಕೆಯನ್ನು ಹಿಪ್ಪೊಕ್ಯಾಂಪಸ್‌ನ ಉದ್ದಕ್ಕೂ ತೂರಿಸುತ್ತಾರೆ (ಇದು ವಿಶುವಲೇಸ್ ಯಂತ್ರದ ಅಳತೆ). ನಳಿಕೆಯೊಳಗೆ ಲೇಸರ್ ತಂತು, ಸುತ್ತ ತಂಪು ದ್ರವದ ಹರಿವು. ಆಮೇಲೆ ರೋಗಿಯನ್ನು ಎಂಆರ್‌ಐ ಒಳಗೆ ಮಲಗಿಸಿ ಸುಡುತ್ತಾರೆ. ಕೆಲವೇ ಸೆಕೆಂಡಿಗೊಮ್ಮೆ ಪರದೆಯ ಮೇಲೆ ತಾಪಮಾನದ ನಕ್ಷೆ ಬರುತ್ತದೆ. ಮಿದುಳು ಕಾಂಡ, ದೃಷ್ಟಿನರದ ಹಾದಿಗಳ ಬಳಿ ಮೊದಲೇ ಗುರುತು ಇಟ್ಟಿರುತ್ತಾರೆ. ಅಲ್ಲಿ ತಾಪ ನಿಗದಿತ ಮಿತಿ ದಾಟಿದರೆ ಲೇಸರ್ ತಾನಾಗಿ ನಿಲ್ಲುತ್ತದೆ. ಒಂದು ಜಾಗ ಮುಗಿದ ಮೇಲೆ ತಂತುವನ್ನು ತುಸು ಹಿಂದಕ್ಕೆಳೆದು ಮುಂದಿನದು.

ಕೆಡುವುದು ಎಲ್ಲಿ? ಪಕ್ಕದಲ್ಲೇ ಹರಿಯುವ ಮಿದುಳುದ್ರವ ಮತ್ತು ರಕ್ತನಾಳಗಳು ಶಾಖವನ್ನು ಹೀರಿಕೊಂಡು ಒಂದು ಬದಿ ಹಸಿಯಾಗಿಯೇ ಉಳಿಯಬಹುದು. ನಳಿಕೆಯ ಹಾದಿ ಒಂದೆರಡು ಮಿ.ಮೀ. ಹೊರಕ್ಕೆ ಜಾರಿದರೆ ಹಿಪ್ಪೊಕ್ಯಾಂಪಸ್‌ನ ತಲೆ ಮತ್ತು ಅದರ ಮುಂದಿರುವ ಅಮಿಗ್ಡಲಾದ ಒಳಬದಿ ಬಿಟ್ಟುಹೋಗುತ್ತದೆ. ಅಮೆರಿಕದ ಹನ್ನೊಂದು ಕೇಂದ್ರಗಳ 234 ರೋಗಿಗಳನ್ನು ನೋಡಿದ 2019ರ ವರದಿಯಲ್ಲಿ ಫಲಿತಾಂಶ ನಿಂತದ್ದು ಈ ಮುಂದಿನ–ಒಳಗಿನ ಭಾಗ ಚೆನ್ನಾಗಿ ಸುಟ್ಟಿದೆಯೇ ಎಂಬುದರ ಮೇಲೆಯೇ. ಅವರಲ್ಲಿ ಶೇ 58 ಮಂದಿ, ಒಂದು ವರ್ಷಕ್ಕೂ ಎರಡು ವರ್ಷಕ್ಕೂ, ಬಾಧಿಸುವಂಥ ಫಿಟ್ಸ್‌ನಿಂದ ಮುಕ್ತರಾಗಿದ್ದರು. ತಲೆ ತೆರೆದು ಮಾಡುವ ಟೆಂಪೊರಲ್ ಶಸ್ತ್ರಚಿಕಿತ್ಸೆಯಲ್ಲಿ, ಸರಿಯಾಗಿ ಆಯ್ದ ರೋಗಿಗಳಲ್ಲಿ, ಇದು ಶೇ 60ರಿಂದ 70. ಅಂದರೆ ಚಿಕ್ಕ ರಂಧ್ರಕ್ಕೆ ಬದಲಾಗಿ ಯಶಸ್ಸಿನ ಸ್ವಲ್ಪ ಪಾಲನ್ನು ಬಿಟ್ಟುಕೊಡುತ್ತೇವೆ. ಲೇಸರ್ ಸೋತರೆ ಮತ್ತೊಮ್ಮೆ ಲೇಸರ್ ಅಥವಾ ತೆರೆದ ಶಸ್ತ್ರಚಿಕಿತ್ಸೆ ಮಾಡುವ ಅವಕಾಶ ಉಳಿದಿರುತ್ತದೆ, ಅದು ಸಣ್ಣ ಸಮಾಧಾನವಲ್ಲ. ಇನ್ನೊಂದು ಕೊರತೆ: ಸುಟ್ಟ ಭಾಗ ಲ್ಯಾಬಿಗೆ ಸಿಗುವುದಿಲ್ಲ. ಗಡ್ಡೆಯ ಅನುಮಾನವಿದ್ದರೆ ಇದೇ ದೊಡ್ಡ ತೊಡಕು.

ಆರ್‌ಎಫ್ (ರೇಡಿಯೊ ತರಂಗದ ಶಾಖದಿಂದ ಸುಡುವ) ವಿಧಾನ ನಮ್ಮಲ್ಲಿ ಇನ್ನೂ ಹೆಚ್ಚು ಮಾತಾಗಬೇಕಾದದ್ದು. ಮುಖದ ನರನೋವಿಗೆ ಬಳಸುವಂಥ ಯಂತ್ರವೇ ಸಾಕು, ಲೇಸರಿನ ಒಮ್ಮೆ ಬಳಸಿ ಎಸೆಯುವ ದುಬಾರಿ ತಂತು ಬೇಕಿಲ್ಲ. ಎಸ್‌ಇಇಜಿ ಮುಗಿಯುವ ಹೊತ್ತಿಗೆ ಅದೇ ತಂತಿಗಳ ಮೂಲಕ, ರೋಗಿ ಎಚ್ಚರವಿದ್ದಾಗಲೇ, ಮಾತಾಡಿಸುತ್ತಾ ಸುಡಬಹುದು. ಮೆದುಳಿಗೆ ನೋವು ತಿಳಿಯುವುದಿಲ್ಲ. ಒಂದು ಜೋಡಿ ಬಿಂದುಗಳ ನಡುವೆ ಸುಡುವುದು ಐದರಿಂದ ಏಳು ಮಿ.ಮೀ. ಮಾತ್ರ. ಹಾಗಾಗಿ ಒಟ್ಟಾರೆ ನೋಡಿದರೆ ಫಿಟ್ಸ್ ಪೂರ್ತಿ ನಿಲ್ಲುವುದು ನಾಲ್ವರಲ್ಲಿ ಒಬ್ಬರಿಗೆ ಅಥವಾ ಅದಕ್ಕೂ ಕಡಿಮೆ. ಆಳದಲ್ಲಿ ಕೂತ ಪುಟ್ಟ ಗಂಟುಗಳಲ್ಲಿ ಫಲಿತಾಂಶ ಉತ್ತಮ. ಕಾರಣವಿಲ್ಲದೆ ನಗು ಬರುವ ಫಿಟ್ಸ್‌ಗೆ ಮೂಲವಾದ ಹೈಪೊಥಲಾಮಸ್‌ನ ಹಮಾರ್ಟೋಮ ಅಂಥದ್ದು. ಅಲ್ಲಿಗೆ ಚಾಕು ಒಯ್ಯುವುದೇ ಅಪಾಯ, ಹಾಗಾಗಿ ಲೇಸರ್ ಅಥವಾ ಆರ್‌ಎಫ್ ಮೊದಲ ಆಯ್ಕೆಯಾಗುತ್ತಿದೆ. ದೆಹಲಿಯ ಏಮ್ಸ್ ತಂಡ ರೋಬಾಟ್ ನೆರವಿನಿಂದ ಆರ್‌ಎಫ್ ಬಳಸಿ ಅರ್ಧ ಮೆದುಳಿನ ಸಂಪರ್ಕವನ್ನೇ ಕಡಿಯುವ ವಿಧಾನವನ್ನೂ ರೂಪಿಸಿ ಪ್ರಕಟಿಸಿದೆ.

ಗಾಮಾ ನೈಫ್‌ಗೆ ರಂಧ್ರವೇ ಬೇಡ, ಹೊರಗಿನಿಂದಲೇ ವಿಕಿರಣ ಹಾಯಿಸುತ್ತಾರೆ. ಆದರೆ ಪರಿಣಾಮಕ್ಕೆ ಒಂದರಿಂದ ಮೂರು ವರ್ಷ ಕಾಯಬೇಕು, ಅಷ್ಟೂ ದಿನ ಫಿಟ್ಸ್‌ನ ಅಪಾಯ ಇದ್ದೇ ಇರುತ್ತದೆ. 2018ರಲ್ಲಿ ಪ್ರಕಟವಾದ ಹೋಲಿಕೆಯ ಪ್ರಯೋಗದಲ್ಲಿ ಮೂರನೇ ವರ್ಷದಲ್ಲಿ ಫಿಟ್ಸ್ ಇಲ್ಲದಿದ್ದವರು ವಿಕಿರಣದ ಗುಂಪಿನಲ್ಲಿ ಶೇ 52, ತೆರೆದ ಶಸ್ತ್ರಚಿಕಿತ್ಸೆಯಲ್ಲಿ ಶೇ 78.

ದೊಡ್ಡ ಡಿಸ್‌ಪ್ಲೇಸಿಯಾ, ಗಡ್ಡೆ, ಅರ್ಧ ಮೆದುಳಿಗೆ ಹರಡಿದ ರೋಗ ಇದ್ದ ಮಗುವಿಗೆ ಚಿಕ್ಕ ರಂಧ್ರದ ಆಸೆಗೆ ಕಾಯುವುದು ತಪ್ಪು ಎಂದೇ ನಮ್ಮ ನಿಲುವು. ಏಮ್ಸ್‌ನಲ್ಲಿ 116 ಮಕ್ಕಳ ಮೇಲೆ ನಡೆದು 2017ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಒಂದು ವರ್ಷದ ಕೊನೆಗೆ ಶಸ್ತ್ರಚಿಕಿತ್ಸೆಯಾದವರಲ್ಲಿ ಶೇ 77 ಮಂದಿಗೆ ಫಿಟ್ಸ್ ನಿಂತಿತ್ತು, ಔಷಧಿ ಮಾತ್ರ ಪಡೆದವರಲ್ಲಿ ಶೇ 7. ಗಂಭೀರ ತೊಂದರೆಗಳೂ ಮೂರರಲ್ಲೊಂದು ಮಗುವಿಗೆ ಕಂಡವು. ಒಂದು ಬದಿಯ ಬಲಹೀನತೆಯಂಥ, ಮೊದಲೇ ನಿರೀಕ್ಷಿಸಿದವೂ ಅದರಲ್ಲಿ ಸೇರಿವೆ. ಎರಡೂ ಅಂಕಿಗಳನ್ನು ಒಟ್ಟಿಗೇ ನೋಡಿ ನಿರ್ಧರಿಸಬೇಕು.

ಏನು ಕಳೆದುಕೊಳ್ಳಬಹುದು

ಎಡ ಟೆಂಪೊರಲ್‌ನ ತೆರೆದ ಶಸ್ತ್ರಚಿಕಿತ್ಸೆಯಾದವರಲ್ಲಿ ಸುಮಾರು ಶೇ 44 ಮಂದಿಗೆ ಪದಗಳ ನೆನಪು ಕುಗ್ಗುತ್ತದೆ, ಬಲದಲ್ಲಾದರೆ ಶೇ 20 ಮಂದಿಗೆ. ಮೊದಲು ನೆನಪು ಚೆನ್ನಾಗಿದ್ದು, ಎಂಆರ್‌ಐಯಲ್ಲಿ ಹಿಪ್ಪೊಕ್ಯಾಂಪಸ್ ಸಹಜವಾಗಿ ಕಾಣುವವರೇ ಹೆಚ್ಚು ಕಳೆದುಕೊಳ್ಳುವುದು. ವಕೀಲರು, ಶಿಕ್ಷಕರಂಥವರಿಗೆ ಇದು ಸಣ್ಣ ಮಾತಲ್ಲ. ಲೇಸರ್ ನಿಜವಾಗಿ ಮೇಲುಗೈ ಪಡೆಯುವುದು ಇಲ್ಲಿ: ಹೊರಪದರವನ್ನು ಕತ್ತರಿಸದೆ ಒಳಗೆ ಹೋಗುವುದರಿಂದ ಹೆಸರು ನೆನಪಿಸಿಕೊಳ್ಳುವ ಸಾಮರ್ಥ್ಯ ಹೆಚ್ಚು ಉಳಿಯುತ್ತದೆ. ಪದಗಳ ನೆನಪಿಗೆ ಮಾತ್ರ ಅದು ಪೂರ್ತಿ ಕಾವಲಲ್ಲ, ಏಕೆಂದರೆ ಸುಡುವುದು ಹಿಪ್ಪೊಕ್ಯಾಂಪಸ್ ಅನ್ನೇ.

ಹಾಗಾಗಿ ನೆನಪು, ಮಾತು, ಯೋಚನೆಯ ಶಕ್ತಿ ಅಳೆಯುವ ನ್ಯೂರೊಸೈಕಾಲಜಿ ಪರೀಕ್ಷೆಯನ್ನು ಔಪಚಾರಿಕವೆಂದು ತಳ್ಳಿಹಾಕಬೇಡಿ. ಎರಡು ಮೂರು ಗಂಟೆ ಹಿಡಿಯುತ್ತದೆ, ನಿದ್ದೆ ಮಾಡಿ ಬನ್ನಿ. ಯೋಚಿಸುವ ಭಾಷೆಯಲ್ಲೇ ಆಗಬೇಕು. ಭಾರತೀಯರಿಗೆಂದೇ ನಿಮ್ಹಾನ್ಸ್ 2004ರಲ್ಲಿ ಪ್ರಕಟಿಸಿದ ಪರೀಕ್ಷಾಮಾಲೆ ಇದೆ. ಅಮೆರಿಕ, ಬ್ರಿಟನ್ನಿನಲ್ಲಿರುವ ಕನ್ನಡಿಗರು ಮನೆಯ ಹಿರಿಯರನ್ನು ಅಲ್ಲಿ ತೋರಿಸುವಾಗ ಇಂಗ್ಲಿಷ್ ಪರೀಕ್ಷೆಯ ಅಂಕ ನೋಡಿ ‘ನೆನಪು ಮೊದಲೇ ಕಡಿಮೆ ಇತ್ತು’ ಎಂದು ತೀರ್ಮಾನಿಸಿದರೆ, ಅಪಾಯವನ್ನೂ ಕಡಿಮೆ ಅಂದಾಜಿಸಿಬಿಡುತ್ತಾರೆ. ದುಭಾಷಿಯನ್ನು ಕೇಳಿ ಪಡೆಯಿರಿ. ಮಾತಿನ ಬದಿ ಪತ್ತೆಗೆ ಮಾಡುವ ಎಫ್‌ಎಂಆರ್‌ಐಗೂ ಇದೇ ಮಾತು.

ದೃಷ್ಟಿಯಲ್ಲಿ ಎದುರು ಬದಿಯ ಮೇಲಿನ ಕಾಲುಭಾಗ ಮಬ್ಬಾಗಬಹುದು. ಲೇಸರಿನಲ್ಲಿ ಇದು ಕಡಿಮೆ, ಇಲ್ಲವೆಂದಲ್ಲ. ಕೆಲವರಿಗೆ ಕೆಲ ವಾರ ಎರಡೆರಡು ಕಾಣುತ್ತದೆ.

ತಯಾರಿ

ತೆಗೆದುಕೊಳ್ಳುವ ಪ್ರತಿಯೊಂದನ್ನೂ ಬರೆದು ಒಯ್ಯಿರಿ: ಹೆಸರು, ಮಿಲಿಗ್ರಾಂ, ಹೊತ್ತು. ವಾಲ್ಪ್ರೊಯೇಟ್ ಕೆಲವರಲ್ಲಿ ಪ್ಲೇಟ್‌ಲೆಟ್ ಇಳಿಸುತ್ತದೆ, ರಕ್ತ ಹೆಪ್ಪುಗಟ್ಟುವುದನ್ನು ತಡೆಯುತ್ತದೆ, ಅದನ್ನು ರಕ್ತಪರೀಕ್ಷೆಯಲ್ಲಿ ನೋಡಿಕೊಳ್ಳಬೇಕು. ಕಾರ್ಬಮಜೆಪಿನ್, ಆಕ್ಸ್‌ಕಾರ್ಬಜೆಪಿನ್ ಸೋಡಿಯಂ ಇಳಿಸುತ್ತವೆ. ಫೆನಿಟಾಯಿನ್, ಕಾರ್ಬಮಜೆಪಿನ್ ಬಹುಕಾಲದಿಂದ ತೆಗೆದುಕೊಳ್ಳುವವರಲ್ಲಿ ಅರಿವಳಿಕೆಯ ಸ್ನಾಯು ಸಡಿಲಿಸುವ ಮದ್ದು ಬೇಗ ಇಳಿದುಹೋಗುತ್ತದೆ, ಅರಿವಳಿಕೆ ತಜ್ಞರಿಗೆ ಗೊತ್ತಿರಬೇಕು. ಆಸ್ಪಿರಿನ್, ಕ್ಲೊಪಿಡೊಗ್ರೆಲ್ ಇದ್ದರೆ ಯಾವತ್ತು ನಿಲ್ಲಿಸಬೇಕೆಂದು ಹೃದಯದ ವೈದ್ಯರನ್ನೂ ಕೇಳಿ ತೀರ್ಮಾನಿಸಬೇಕು.

ಫಿಟ್ಸ್‌ಗೆಂದು ಯಾರೋ ಕೊಟ್ಟ ಚೂರ್ಣ, ಗುಳಿಗೆ ಇದ್ದರೆ ಮುಚ್ಚಿಡಬೇಡಿ. ಇಂಥ ಪುಡಿಗಳಲ್ಲಿ ಫಿನೊಬಾರ್ಬಿಟೋನ್‌ನಂಥ ಅಲೋಪತಿ ಮದ್ದು ಬೆರೆತಿದ್ದದ್ದು ಪತ್ತೆಯಾಗಿದೆ. ಅದನ್ನು ಥಟ್ಟನೆ ನಿಲ್ಲಿಸಿದರೆ ಆಪರೇಷನ್ ಹಿಂದಿನ ರಾತ್ರಿಯೇ ಫಿಟ್ಸ್ ಕಟ್ಟೆಯೊಡೆಯುತ್ತದೆ.

ಆಪರೇಷನ್ ದಿನ ಸಾಮಾನ್ಯವಾಗಿ ಆರು ಗಂಟೆ ಮೊದಲಿನಿಂದ ಊಟವಿಲ್ಲ. ‘ಖಾಲಿ ಹೊಟ್ಟೆ’ ಎಂದು ಬೆಳಗಿನ ಫಿಟ್ಸ್ ಮಾತ್ರೆಯನ್ನೂ ಬಿಟ್ಟುಬಿಡುವುದು ಸಾಮಾನ್ಯವಾಗಿ ಆಗುವ ತಪ್ಪು. ವೈದ್ಯರು ಬೇಡವೆನ್ನದಿದ್ದರೆ ಒಂದು ಗುಟುಕು ನೀರಿನಲ್ಲಿ ಅದನ್ನು ನುಂಗಲೇಬೇಕು. ಲೇಸರ್ ನಡೆಯುವುದು ಎಂಆರ್‌ಐ ಒಳಗಾದ್ದರಿಂದ ಪೇಸ್‌ಮೇಕರ್, ಕಿವಿಯ ಇಂಪ್ಲಾಂಟ್, ಮೂಳೆಯಲ್ಲಿನ ರಾಡು ಎಲ್ಲವನ್ನೂ ಮೊದಲೇ ತಿಳಿಸಿ. ಖಿನ್ನತೆ ಇದ್ದರೆ ಅದರ ಚಿಕಿತ್ಸೆ ಆಪರೇಷನ್ನಿಗೆ ಮೊದಲೇ ಶುರುವಾಗಬೇಕು, ನಂತರದ ಮೊದಲ ವರ್ಷ ಮನಸ್ಸು ಕುಸಿಯುವ ಸಾಧ್ಯತೆ ಹೆಚ್ಚು.

ತಂಡವನ್ನು ನೇರವಾಗಿ ಕೇಳಿ: ನಮ್ಮಂಥ ಕೇಸಿನಲ್ಲಿ ಇಲ್ಲಿ ಎಷ್ಟು ಮಂದಿಗೆ ಮಾಡಿದ್ದೀರಿ, ಎರಡು ವರ್ಷದ ನಂತರ ಎಷ್ಟು ಮಂದಿಗೆ ಫಿಟ್ಸ್ ಇಲ್ಲ? ತೆರೆದ ಶಸ್ತ್ರಚಿಕಿತ್ಸೆಯೂ ಇಲ್ಲಿ ಆಗುತ್ತದೆಯೇ? ಒಂದೇ ವಿಧಾನ ಇರುವ ಕಡೆ ಸಲಹೆಯೂ ಆ ಕಡೆಗೇ ವಾಲುವುದು ಸಹಜ. ಏಮ್ಸ್, ನಿಮ್ಹಾನ್ಸ್, ತಿರುವನಂತಪುರದ ಶ್ರೀ ಚಿತ್ರಾ ಸಂಸ್ಥೆಯಂಥ ಕಡೆ ನರರೋಗ, ಶಸ್ತ್ರಚಿಕಿತ್ಸೆ, ರೇಡಿಯಾಲಜಿ, ಮನಶ್ಶಾಸ್ತ್ರದವರೆಲ್ಲ ಒಟ್ಟಿಗೆ ಕೂತು ಒಬ್ಬೊಬ್ಬರ ಕೇಸನ್ನೂ ಚರ್ಚಿಸುತ್ತಾರೆ. ಆ ಸಭೆಯ ತೀರ್ಮಾನವನ್ನು ಬರಹದಲ್ಲಿ ಕೇಳಿ. ಸರ್ಕಾರಿ ಯೋಜನೆ ಅಥವಾ ವಿಮೆಯ ಪ್ಯಾಕೇಜಿನಲ್ಲಿ ಶಸ್ತ್ರಚಿಕಿತ್ಸೆ ಮಾತ್ರ ಇದೆಯೇ, ತಂತು–ಎಲೆಕ್ಟ್ರೋಡ್‌ಗಳ ಖರ್ಚೂ ಸೇರಿದೆಯೇ ಎಂಬುದನ್ನು ಭರ್ತಿಯಾಗುವ ಮೊದಲೇ ಖಚಿತ ಮಾಡಿಕೊಳ್ಳಿ.

ಆಮೇಲೆ

ಮೊದಲ ಕೆಲವು ದಿನ ತಲೆನೋವು, ಸುಟ್ಟ ಜಾಗದ ಸುತ್ತ ಬಾವು ಇರುತ್ತದೆ, ಅದಕ್ಕೆ ಕಡಿಮೆ ಮಾಡುತ್ತಾ ಹೋಗುವ ಸ್ಟಿರಾಯ್ಡ್ ಕೊಡುತ್ತಾರೆ. ಆ ದಿನಗಳಲ್ಲಿ ಒಂದೆರಡು ಫಿಟ್ಸ್ ಬಂದರೆ ಆಪರೇಷನ್ ಸೋತಿತೆಂದಲ್ಲ. ಜ್ವರ, ಗಾಯದಿಂದ ನೀರು ಸೋರುವಿಕೆ, ಹೆಚ್ಚುತ್ತಾ ಹೋಗುವ ಮಂಪರು ಕಂಡರೆ ತಕ್ಷಣ ಮರಳಿ. ಫಿಟ್ಸ್ ಔಷಧಿ ಮೊದಲಿನಂತೆಯೇ ಮುಂದುವರಿಯುತ್ತದೆ. ಫಿಟ್ಸ್ ಇಲ್ಲದೆ ಒಂದೆರಡು ವರ್ಷ ಕಳೆದ ಮೇಲೆ, ವೈದ್ಯರು ಒಂದೊಂದನ್ನೇ ಇಳಿಸುತ್ತಾರೆ. ನಿಂತಿತೆಂದು ತಾವೇ ಬಿಟ್ಟು ಮತ್ತೆ ಫಿಟ್ಸ್ ತಂದುಕೊಂಡವರಿದ್ದಾರೆ. ಲಂಡನ್ನಿನಲ್ಲಿ 615 ಮಂದಿಯನ್ನು ದೀರ್ಘಕಾಲ ಹಿಂಬಾಲಿಸಿದಾಗ ಶಸ್ತ್ರಚಿಕಿತ್ಸೆಯ ನಂತರ ಎಚ್ಚರ ತಪ್ಪದ ಸಣ್ಣ ಫಿಟ್ಸ್ ಬಿಟ್ಟರೆ ಬೇರಾವ ಫಿಟ್ಸೂ ಕಾಣದೆ ಐದು ವರ್ಷ ಕಳೆದವರು ಶೇ 52, ಹತ್ತು ವರ್ಷ ಕಳೆದವರು ಶೇ 47.

ತಪಾಸಣೆಯೆಲ್ಲ ಮುಗಿದ ಮೇಲೆ ‘ಆಪರೇಷನ್ ಬೇಡ’ ಎಂಬ ಉತ್ತರವೂ ಬರಬಹುದು: ಎರಡೂ ಬದಿಯಿಂದ ಫಿಟ್ಸ್ ಏಳುತ್ತಿರಬಹುದು, ಅಥವಾ ಎದ್ದ ಜಾಗ ಕೈಯ ಚಲನೆಯನ್ನು ನಡೆಸುವ ಭಾಗವೇ ಆಗಿರಬಹುದು. ಆಗ ಕುತ್ತಿಗೆಯ ವೇಗಸ್ ನರದ ಉತ್ತೇಜಕ, ಮೆದುಳಿನ ಆಳದ ಉತ್ತೇಜಕ, ಮಕ್ಕಳಿಗೆ ಕೀಟೋಜೆನಿಕ್ ಆಹಾರ ಇವೆ. ಇವು ಹೆಚ್ಚಾಗಿ ಫಿಟ್ಸ್ ಕಡಿಮೆ ಮಾಡುತ್ತವೆ, ನಿಲ್ಲಿಸುವುದು ಅಪರೂಪ. ಆ ಕಡತವನ್ನು ಮಾತ್ರ ಎಸೆಯಬೇಡಿ. ಇವತ್ತು ಚಿತ್ರದಲ್ಲಿ ಕಾಣದ ಡಿಸ್‌ಪ್ಲೇಸಿಯಾ ಎರಡು ಮೂರು ವರ್ಷದ ನಂತರ ಉತ್ತಮ ಎಂಆರ್‌ಐಯಲ್ಲಿ, ಅಥವಾ ಅದೇ ಚಿತ್ರವನ್ನು ಹೊಸ ಕಣ್ಣು ನೋಡಿದಾಗ, ಕಾಣಿಸಿಕೊಂಡ ಉದಾಹರಣೆಗಳು ಸಾಕಷ್ಟಿವೆ. ಬೇಡ ಎಂದ ತಂಡವನ್ನೇ ಮರುಪರಿಶೀಲನೆಗೆ ಯಾವಾಗ ಬರಬೇಕೆಂದು ಕೇಳಿ, ದಿನಾಂಕ ಬರೆಸಿಕೊಂಡೇ ಹೊರಡಿ.